ಹಮೀದಾಕರ ಟವೆಲ್ ಪೆಟ್ಟಿಗೆ

ಮಂಗಳೂರಿನ ಕ್ರಿಶ್ಚಿಯನ್ ಹೆಂಗಸು ಕುವೈತಿನಲ್ಲಿ ಕೆಲಸಕ್ಕಿದ್ದಾಳೆ ಎಂದರೆ ಎದುರಿನವರ ಮುಂದಿನ ಪ್ರಶ್ನೆ "ಯಾವ ಆಸ್ಪತ್ರೆ?" ಎಂಬುದೇ. ಇಪ್ಪತ್ತಾರು ವರ್ಷ ನಾನು ಇದಕ್ಕೆ "ಆಸ್ಪತ್ರೆಯಲ್ಲ, ಹತ್ತಿ" ಎಂದು ಉತ್ತರ ಕೊಟ್ಟಿದ್ದೇನೆ. ಕೇಳಿದವರು ಒಂದು ಗಳಿಗೆ ಯೋಚಿಸಿ, "ಓ, ಗಾಯಕ್ಕೆ ಹಚ್ಚುವ ಹತ್ತಿಯಾ?" ಎನ್ನುತ್ತಿದ್ದರು. ಚರ್ಚಿನಿಂದ ಹೊರಬರುವಾಗ ನನಗೆ ಮಂಡಿನೋವಿನ ಎಕ್ಸ್‌ರೇ ತೋರಿಸಿದವರೂ ಇದ್ದಾರೆ. ಮೊದಮೊದಲು ವಿವರಿಸಿ ಹೇಳುತ್ತಿದ್ದೆ. ಆಮೇಲೆ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಸ್ವಲ್ಪ ನಡೆಯಬೇಕು" ಎಂದು ಹೇಳಿ ಕಳುಹಿಸಲು ಕಲಿತೆ.

ಕಳೆದ ವರ್ಷ ನಿವೃತ್ತಳಾದೆ. ಈಗ ಗಂಡ ವಲೇರಿಯನ್ ಅವರ ಇಕಾಮಾದ, ಅಂದರೆ ವಾಸದ ಪರವಾನಗಿಯ, ಮೇಲೆ ಕುವೈತಿನ ಫಿಂಟಾಸಿನ ನಮ್ಮ ಫ್ಲ್ಯಾಟಿನಲ್ಲಿ ಕುಳಿತು ಸಮುದ್ರ ನೋಡುತ್ತಿದ್ದೇನೆ. ನನ್ನ ಜಾಗಕ್ಕೆ ಬಂಟ್ವಾಳದ ಹುಡುಗಿಯೊಬ್ಬಳು ಬಂದಿದ್ದಾಳೆ. ಜಾಣೆ, ಎರಡು ಸರ್ಟಿಫಿಕೇಟು ಹೆಚ್ಚೇ ಇವೆ. ಆದರೂ ದಿನ ಬಿಟ್ಟು ದಿನ ಫೋನು ಮಾಡಿ, "ಆಂಟಿ, ಇದಕ್ಕೆ ಎಂತ ಮಾಡುವುದು?" ಎಂದು ಕೇಳುತ್ತಾಳೆ. ಫೋನಿನಲ್ಲಿ ಹೇಳಿ ಹೇಳಿ ಗಂಟಲು ಕಟ್ಟಿತು. ಅವಳಂಥವರೆಲ್ಲ ಒಮ್ಮೆ ಓದಿಕೊಳ್ಳಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಕೆಲಸವಿದ್ದದ್ದು ಕುವೈತ್ ಪಟ್ಟಣದ ಮಿರ್ಕಾಬಿನ ಒಂದು ಕಂಪನಿಯಲ್ಲಿ. ಹತ್ತಿಯ ಬಟ್ಟೆ, ಹಾಸಿಗೆಯ ಚಾದರ, ಟವೆಲು ಇವನ್ನೆಲ್ಲ ಹೊರದೇಶಗಳಿಂದ ತರಿಸಿ ಇಲ್ಲಿನ ಅಂಗಡಿ ಹೋಟೆಲುಗಳಿಗೆ ಮಾರುವ ವ್ಯಾಪಾರ. ಬಂದದ್ದು ನಿಜವಾಗಿ ಹತ್ತಿಯೇ, ಹೇಳಿದ ಹತ್ತಿಯೇ, ಇಲ್ಲಿನ ವಾಷಿಂಗ್ ಮಶೀನಿಗೆ ಹಾಕಿದ ಮೇಲೂ ಅದೇ ಅಳತೆಯಲ್ಲಿ ಹೊರಗೆ ಬರುತ್ತದೆಯೇ ಎಂದು ನೋಡುತ್ತಿದ್ದವಳು ನಾನು. ಪರೀಕ್ಷೆಗೆಂದು ಒಂದು ಸಣ್ಣ ಕೋಣೆ, ಒಂದು ತಕ್ಕಡಿ, ಒಂದು ಭೂತಗನ್ನಡಿ, ಒಂದು ಸಿಗರೇಟ್ ಲೈಟರು.

ಲೈಟರಿನ ಕಥೆಯನ್ನೇ ಮೊದಲು ಹೇಳುತ್ತೇನೆ. ಹತ್ತಿಯ ನೂಲಿಗೆ ಬೆಂಕಿ ಮುಟ್ಟಿಸಿದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಉಳಿಯುವುದು ಮೆತ್ತನೆಯ ಬೂದಿ. ಪಾಲಿಯೆಸ್ಟರ್ ಬೆರೆತಿದ್ದರೆ ಕರಗಿ ತುದಿಯಲ್ಲಿ ಗಟ್ಟಿ ಮಣಿಯಾಗುತ್ತದೆ. ಕೆಲಸಕ್ಕೆ ಸೇರಿದ ಎರಡನೇ ತಿಂಗಳು ನಮ್ಮ ಯಜಮಾನರಾದ ಅಬು ನಾಸರ್ ಅತಿಥಿಗಳನ್ನು ಕರೆದುಕೊಂಡು ಬಂದು, "ಈಕೆ ಬೆಂಕಿಯಿಂದ ಸತ್ಯ ಹೇಳಿಸುತ್ತಾಳೆ" ಎಂದು ಹೆಮ್ಮೆಯಿಂದ ಪರಿಚಯಿಸಿದರು. ತಾವು ತೊಟ್ಟ ಹೊಸ ಬಿಳಿ ನಿಲುವಂಗಿ, ದಿಶ್‌ದಾಶಾದ ತೋಳಿನಿಂದಲೇ ನೂಲೆಳೆದು ಕೊಟ್ಟು, "ಇದು ಅಪ್ಪಟ ಹತ್ತಿ, ಸುಟ್ಟು ತೋರಿಸು" ಎಂದರು. ತೋರಿಸಿದೆ. ಕಪ್ಪು ಮಣಿ ಬಂತು. ಬುದ್ಧಿ ಇದ್ದವಳು ಅಲ್ಲಿಗೆ ನಿಲ್ಲಿಸುತ್ತಿದ್ದಳು. ನಾನು ಹೊಸಬಳ ಹುರುಪಿನಲ್ಲಿ, "ಅರ್ಧಕ್ಕಿಂತ ಹೆಚ್ಚೇ ಪಾಲಿಯೆಸ್ಟರ್ ಸರ್" ಎಂದೆ. ನನ್ನ ವೀಸಾ ಅಲ್ಲಿಗೇ ಖಲಾಸ್ ಎಂದುಕೊಂಡಿದ್ದೆ. ಅಬು ನಾಸರ್ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು, ಆಮೇಲೆ ಆ ಬಟ್ಟೆ ಮಾರಿದ ತಮ್ಮ ಸ್ವಂತ ಭಾವನಿಗೆ ಫೋನು ಹಚ್ಚಿದರು.

ಯಜಮಾನರ ಕೆಳಗೆ, ನನ್ನ ಮೇಲೆ, ಮ್ಯಾನೇಜರ್ ಉಸ್ತಾದ್ ರಾಫತ್. ಈಜಿಪ್ಟಿನವರು. ಅವರ ಪ್ರಕಾರ ಜಗತ್ತಿನಲ್ಲಿ ಹತ್ತಿ ಬೆಳೆಯುವುದು ಈಜಿಪ್ಟಿನಲ್ಲಿ ಮಾತ್ರ, ಉಳಿದ ಕಡೆ ಬೆಳೆಯುವುದು ಕಳೆ. ಕಣ್ಣು ಮುಚ್ಚಿ ಬೆರಳಲ್ಲಿ ಮುಟ್ಟಿದರೆ ತನ್ನ ದೇಶದ ಹತ್ತಿ ತನಗೆ ಗೊತ್ತಾಗುತ್ತದೆ ಎನ್ನುತ್ತಿದ್ದರು. ಒಂದು ದಿನ ಅವರ ಮುಂದೆ ನಾಲ್ಕು ತುಂಡು ಬಟ್ಟೆ ಇಟ್ಟೆ. ಉಸ್ತಾದರು ಕಣ್ಣು ಮುಚ್ಚಿ, ಒಂದೊಂದನ್ನೂ ಸವರಿ, ಮೂರನೆಯದನ್ನು ಕೆನ್ನೆಗೆ ಒತ್ತಿಕೊಂಡು, "ಇದು ನನ್ನ ತಾಯಿಯ ಊರು!" ಎಂದರು. ಅದು ನಮ್ಮ ಧಾರವಾಡದ ಕಡೆಯ ಉದ್ದ ಎಳೆಯ ಹತ್ತಿ. ನಾನು ಹೇಳಲಿಲ್ಲ. ಅವರ ಕಣ್ಣಿನಲ್ಲಿ ನೀರಿತ್ತು, ಹೇಗೆ ಹೇಳಲಿ?

ಆದರೆ ಇದರಲ್ಲಿ ನೀವು ಕಲಿಯಬೇಕಾದದ್ದಿದೆ. ಹತ್ತಿಗೆ ಊರಿನ ಹೆಸರು ಹಚ್ಚಿ ಮಾರುವುದು ಸುಲಭ, ಆ ಹೆಸರು ನಿಜವೇ ಎಂದು ಬೆರಳಿನಿಂದ ಹೇಳುವುದು ಯಾರಿಂದಲೂ ಆಗುವುದಿಲ್ಲ. ಒಂದು ದೇಶದ ಹೊಲದಲ್ಲಿ ಬಿಡಿಸಿ, ಇನ್ನೊಂದರಲ್ಲಿ ನೂಲು ತೆಗೆದು, ಮೂರನೆಯದರಲ್ಲಿ ನೇಯ್ದು, ನಾಲ್ಕನೆಯದರಲ್ಲಿ ಹೊಲಿದ ಚಾದರ ನಿಮ್ಮ ಮೇಜಿಗೆ ಬರುತ್ತದೆ. ಈಗ ಬೇಲಿನ, ಅಂದರೆ ಒತ್ತಿ ಕಟ್ಟಿದ ಮೂಟೆಯ, ಮೇಲೆ ಅಂಟಿಸಿದ ಕ್ಯೂಆರ್ ಕೋಡಿಗೆ ಫೋನು ಹಿಡಿದರೆ ಅದು ಎಲ್ಲೆಲ್ಲಿ ದಾಟಿ ಬಂತೆಂದು ತೋರಿಸುತ್ತದೆ. ಒಳ್ಳೆಯದೇ. ಆದರೆ ಕೋಡು ಅಂಟಿಸುವವನೂ ಮನುಷ್ಯನೇ. ಸಾವಯವ ಹತ್ತಿ ಎಂದು ಬಂದ ಒಂದು ಸರಕಿನ ಜೊತೆ ಎಷ್ಟು ಕಾಗದ ಬಂದಿತ್ತೆಂದರೆ ಬಟ್ಟೆಗಿಂತ ಕಾಗದಕ್ಕೇ ಹೆಚ್ಚು ಕಪಾಟು ಬೇಕಾಯಿತು. ಕಾಗದ ಓದಿ, ಬಟ್ಟೆಯನ್ನೂ ನೋಡಿ.

ಬಿಳಿ ಬಟ್ಟೆಯ ದೊಡ್ಡ ಶತ್ರು ಯಾವುದು ಗೊತ್ತೆ? ಹತ್ತಿ ತುಂಬುವ ಪ್ಲಾಸ್ಟಿಕ್ ಚೀಲದ ಎಳೆ. ಹೊಲದಲ್ಲಿ ಒಂದು ನೀಲಿ ಎಳೆ ಹತ್ತಿಯ ಜೊತೆ ಸೇರಿಕೊಂಡರೆ ಅದು ಗಿರಣಿಯಲ್ಲಿ ಚೂರು ಚೂರಾಗಿ, ನೂಲಿನೊಳಗೆ ಅಡಗಿ, ಕೊನೆಗೆ ಈದ್ ಹಬ್ಬಕ್ಕೆ ಹೊಲಿಸಿದ ದಿಶ್‌ದಾಶಾದ ಎದೆಯ ಮೇಲೇ ಕಾಣಿಸಿಕೊಳ್ಳುತ್ತದೆ. ಬೆನ್ನಿನ ಮೇಲೆ ಕಂಡದ್ದು ನನ್ನ ಅನುಭವದಲ್ಲಿ ಇಲ್ಲ. ಗಿರಣಿಯವರಿಗೆ ನಾನು ಬೈದು ಬರೆಯುತ್ತಿದ್ದೆ, ಅವರು ಕ್ಷಮೆ ಕೇಳಿ ಬರೆಯುತ್ತಿದ್ದರು, ಎಳೆಗಳು ಬರುತ್ತಲೇ ಇದ್ದವು. ಕೊನೆಗೊಬ್ಬರು ಹತ್ತಿ ಬಿಡಿಸುವ ಹೆಂಗಸರಿಗೆ ಬಟ್ಟೆಯ ಚೀಲ ಹೊಲಿಸಿಕೊಟ್ಟರು. ಎಳೆ ನಿಂತಿತು. ಇಷ್ಟು ವರ್ಷ ಕಾಗದ ಬರೆದದ್ದರ ಬದಲು ನಾನೇ ಚೀಲ ಹೊಲಿದು ಕಳಿಸಬಹುದಿತ್ತು.

ಇವೆಲ್ಲ ಸಣ್ಣ ವಿಷಯ. ಈಗ ನನ್ನ ದೊಡ್ಡ ತಪ್ಪನ್ನು ಹೇಳಬೇಕು. ಹೇಳಲು ಇಷ್ಟವಿಲ್ಲ. ಆದರೆ ಇದನ್ನು ಹೇಳದಿದ್ದರೆ ಉಳಿದದ್ದು ಬರೆದೂ ಪ್ರಯೋಜನವಿಲ್ಲ.

ನಮ್ಮ ಗೋಡೌನು ಪಟ್ಟಣದಿಂದ ಒಳಗೆ, ಮರಳುಗಾಡಿನ ಬದಿಯಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಉಪ್ಪಿನಂಗಡಿಯ ಹಮೀದ್ ಬ್ಯಾರಿ. ನಮಗೆಲ್ಲ ಹಮೀದಾಕ. ನನ್ನನ್ನು ಅವರು "ಬಾಯಮ್ಮ" ಎನ್ನುತ್ತಿದ್ದರು. ಊರಿನಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಆ ಮಾತು ಕೇಳಿದರೆ ನನಗೆ ಅರ್ಧ ದಣಿವು ಇಳಿಯುತ್ತಿತ್ತು. ಹತ್ತೊಂಬತ್ತು ವರ್ಷ ಆ ಗೋಡೌನಿನ ಬೀಗದಕೈ ಅವರ ಸೊಂಟದಲ್ಲಿತ್ತು.

ಗೋಡೌನಿನಲ್ಲಿ ಚಂದದ ಸರಕಿನ ಜೊತೆ ವೇಸ್ಟ್ ಬೇಲುಗಳೂ ಇರುತ್ತಿದ್ದವು. ತಮಿಳುನಾಡಿನ ಬನಿಯನ್ ಕಾರ್ಖಾನೆಗಳಲ್ಲಿ ಕತ್ತರಿಸಿ ಉಳಿದ ಹತ್ತಿ ಬಟ್ಟೆಯ ಚೂರುಗಳನ್ನು ಒತ್ತಿ ಪಟ್ಟಿ ಬಿಗಿದು ಕಳಿಸುತ್ತಾರೆ, ಇಲ್ಲಿ ಗ್ಯಾರೇಜುಗಳಲ್ಲಿ ಎಣ್ಣೆ ಒರೆಸಲು ಕಿಲೋ ಲೆಕ್ಕದಲ್ಲಿ ಹೋಗುತ್ತದೆ. ಒಂದು ಬೇಲಿಗೆ ಐವತ್ತು ಕಿಲೋ ಎಂದು ಮೇಲೆ ಬರೆದಿರುತ್ತದೆ. ಯಾರೂ ತೂಗಿ ನೋಡಿದ್ದಿಲ್ಲ.

ಆ ಬೇಸಿಗೆಯಲ್ಲಿ ಉಸ್ತಾದ್ ರಾಫತ್ ಒಂದು ಹೊಸ ಎಲೆಕ್ಟ್ರಾನಿಕ್ ತಕ್ಕಡಿ ತರಿಸಿದರು. ತಂದದ್ದೇ ಸಿಕ್ಕಿದ್ದನ್ನೆಲ್ಲ ತೂಗಲು ಶುರು ಮಾಡಿದರು. ತಮ್ಮ ಬ್ಯಾಗು, ಊಟದ ಡಬ್ಬಿ, ಡ್ರೈವರು, ಯಾರನ್ನೂ ಬಿಡಲಿಲ್ಲ. ನನ್ನನ್ನೂ ಹತ್ತಿಸಲು ನೋಡಿದರು, ನಾನು ಸತ್ತರೂ ಹತ್ತಲಿಲ್ಲ. ಎರಡು ತಿಂಗಳಿನಿಂದ ಗೋಡೌನಿನಲ್ಲಿದ್ದ ಅರವತ್ತು ವೇಸ್ಟ್ ಬೇಲುಗಳ ಸರದಿಯೂ ಬಂತು. ಮೊದಲನೆಯದು ನಲವತ್ತೆಂಟು. ಎರಡನೆಯದು ನಲವತ್ತೇಳೂವರೆ. ಮೂರನೆಯದು ನಲವತ್ತೆಂಟು. ಅರವತ್ತೂ ಹಾಗೆಯೇ.

ಉಸ್ತಾದರು ಹಮೀದಾಕರನ್ನು ನೋಡಿದರು. "ಬೀಗದಕೈ ಯಾರ ಹತ್ತಿರ?"

"ನನ್ನ ಹತ್ತಿರವೇ," ಎಂದರು ಹಮೀದಾಕ.

ನನಗೆ ಆಗಲೇ ಒಂದು ವಿಷಯ ಕಂಡಿತ್ತು. ಯಾವ ಬೇಲಿನ ಪಟ್ಟಿಯೂ ಕತ್ತರಿಸಿರಲಿಲ್ಲ. ಪಟ್ಟಿ ಬಿಚ್ಚದೆ ಒಂದೊಂದರಿಂದಲೂ ಎರಡೆರಡು ಕಿಲೋ ಚಿಂದಿ ಎಳೆದುಕೊಳ್ಳುವಷ್ಟು ಶಿಸ್ತಿನ ಕಳ್ಳ ಎಲ್ಲಿದ್ದಾನೆ? ಅದನ್ನು ಹೇಳಲು ಬಾಯಿ ತೆರೆದೆ. "ಮೇಡಂ, ನೀವು ತೂಕ ಸರಿಯಿದೆ ಎಂದಷ್ಟೇ ಸಹಿ ಹಾಕಿ, ಯಲ್ಲಾ, ಬೇಗ," ಎಂದರು ಉಸ್ತಾದರು. ತಕ್ಕಡಿ ತೋರಿಸಿದ ಅಂಕಿ ಸರಿಯಾಗಿಯೇ ಇತ್ತು. ಬಿಸಿಲು ಬೇರೆ, ನನ್ನ ಸೀರೆ ಬೆನ್ನಿಗೆ ಅಂಟಿತ್ತು, ಮಿರ್ಕಾಬಿನ ಏಸಿ ಕೋಣೆ ಕರೆಯುತ್ತಿತ್ತು. ಸಹಿ ಹಾಕಿದೆ.

ಆ ಕಾಗದದ ಬಲದಿಂದ ಹಮೀದಾಕರ ಇಕಾಮಾ ಕ್ಯಾನ್ಸಲ್ ಮಾಡುವುದೆಂದು ತೀರ್ಮಾನವಾಯಿತು. ಪೊಲೀಸು ಗಿಲೀಸು ಬೇಡ, ಹಳೆಯ ಮನುಷ್ಯ, ಶುಕ್ರವಾರದ ವಿಮಾನಕ್ಕೆ ಟಿಕೆಟು ಕೊಟ್ಟು ಕಳಿಸುವ ಎಂದು ದೊಡ್ಡ ಮನಸ್ಸು ಮಾಡಿದರಂತೆ. ನವೆಂಬರಿನಲ್ಲಿ ಹಮೀದಾಕರ ಮಗಳ ಮದುವೆ. ಕಳ್ಳನೆಂದು ಹೊರಗೆ ಹಾಕಿದವನ ಮಗಳು ಎಂಬ ಮಾತು ಉಪ್ಪಿನಂಗಡಿಗೆ ವಿಮಾನಕ್ಕಿಂತ ಮೊದಲೇ ತಲುಪುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಕಂಪನಿಯ ರೂಮು ಸೋಮವಾರವೇ ಖಾಲಿ ಮಾಡಿಸಿದರು. ವಲೇರಿಯನ್ ಹೋಗಿ ಅವರನ್ನು ನಮ್ಮ ಮನೆಗೆ ಕರೆತಂದರು. ನನಗೆ ಅವರ ಮುಖ ನೋಡಲು ಧೈರ್ಯವಿರಲಿಲ್ಲ. ಹಾಗಾಗಿ ಮೂರು ದಿನ ಮೀನು ಕರಿದು ಬಡಿಸಿದೆ.

ಅವರ ಜೊತೆ ಒಂದು ದೊಡ್ಡ ಪೆಟ್ಟಿಗೆ ಬಂತು. ಮಗಳ ಮದುವೆಗೆಂದು ವರ್ಷವಿಡೀ ಒಂದೊಂದಾಗಿ ಕೊಂಡ ಹತ್ತಿಯ ದಪ್ಪ ಟವೆಲುಗಳು, ಪ್ರತಿಯೊಂದಕ್ಕೂ ಬಿಲ್ಲು ಪಿನ್ನು ಹಾಕಿ ಇಟ್ಟಿದ್ದರು. ವಿಮಾನದಲ್ಲಿ ಮೂವತ್ತು ಕಿಲೋ ಬಿಡುತ್ತಾರೆ. ಹಮೀದಾಕ ಹೊರಡುವ ಮುನ್ನ ಗೋಡೌನಿನ ಅದೇ ಹೊಸ ತಕ್ಕಡಿಯ ಮೇಲೆ ಪೆಟ್ಟಿಗೆ ತೂಗಿಕೊಂಡು ಬಂದಿದ್ದರು. ಇಪ್ಪತ್ತೊಂಬತ್ತೂವರೆ. ನಮ್ಮ ಬಾಲ್ಕನಿಯಲ್ಲಿ ಅದರ ಬಾಯಿ ತೆರೆದೇ ಇಟ್ಟರು, ಟೇಪು ಹಚ್ಚಲಿಲ್ಲ. ಊರಿಗೆ ಹೋಗುವವನ ಪೆಟ್ಟಿಗೆಗೆ ಕೊನೆಗಳಿಗೆಯಲ್ಲಿ ಯಾರಾದರೂ ಏನಾದರೂ ತಂದುಕೊಡದೆ ಇರುವುದಿಲ್ಲವಲ್ಲ.

ಆ ವಾರವೇ ಗಾಳಿ ತಿರುಗಿತು. ಮರಳುಗಾಡಿನ ಒಣಗಾಳಿ ನಿಂತು ಸಮುದ್ರದ ಕಡೆಯಿಂದ ಕೌಸ್ ಗಾಳಿ ಬೀಸತೊಡಗಿತು. ಅದು ಬೀಸಿದರೆ ಫಿಂಟಾಸಿನಲ್ಲಿ ಕನ್ನಡಕ ಹಾಕಿ ಹೊರಗೆ ಹೋಗುವಂತಿಲ್ಲ, ಬಾಗಿಲು ದಾಟುವಷ್ಟರಲ್ಲಿ ಮಂಜು ಕಟ್ಟುತ್ತದೆ.

ಬುಧವಾರ ಸಂಜೆ ಚಾ ಕುಡಿದು ವಲೇರಿಯನ್ ತಮ್ಮ ಕೊಕ್ಕೆಯ ತೂಕದ ಯಂತ್ರ ತಂದರು. ಲಗೇಜು ತೂಗಲು ಗಲ್ಫಿನ ಪ್ರತಿ ಮನೆಯಲ್ಲೂ ಇರುವ ಯಂತ್ರ ಅದು. ಪೆಟ್ಟಿಗೆಗೆ ಹಗ್ಗ ಕಟ್ಟಿ ಇಬ್ಬರೂ ಎತ್ತಿದರು. ಮೂವತ್ತೊಂದು.

"ಮತ್ತೊಮ್ಮೆ ಎತ್ತಿ," ಎಂದೆ. ಮೂವತ್ತೊಂದು.

ನಾನು ಗಂಡನ ಕಡೆ ತಿರುಗಿದೆ. "ಊರಿನ ನಿಮ್ಮ ಅಕ್ಕನಿಗೆ ಅಂತ ಎಂತ ತುರುಕಿದ್ದು ಅದರಲ್ಲಿ?"

"ನಾನಾ? ದೇವರಾಣೆಗೂ ಇಲ್ಲ ಮಾರಾಯ್ತಿ!"

"ಹೋದ ಸಲ ಊರಿಗೆ ಹೊರಟ ಫಿಲೋಮಿನಕ್ಕನ ಪೆಟ್ಟಿಗೆಗೆ ಹಾಲಿನಪುಡಿ ಡಬ್ಬಿ ಹಾಕಿದ್ದು ಯಾರು?"

"ಅದು ಹೋದ ಸಲ," ಎಂದರು ವಲೇರಿಯನ್, ಸ್ವರ ಸ್ವಲ್ಪ ಇಳಿಸಿ.

"ಬಾಯಮ್ಮ, ಬಿಡಿ," ಎಂದರು ಹಮೀದಾಕ. "ಅವರು ಹಾಕಿದ್ರೂ ಅಡ್ಡಿಯಿಲ್ಲ. ಎರಡು ಟವೆಲು ತೆಗೆದಿಡುವ."

ನಾನು ಬಿಡುವವಳಲ್ಲ. ಪೆಟ್ಟಿಗೆ ಮಗುಚಿ ಹಾಕಿದೆ. ಒಂದೊಂದೇ ಟವೆಲು ಕೊಡವಿದೆ, ಒಳಗೆ ಖರ್ಜೂರವಿಲ್ಲ, ಹಾಲಿನಪುಡಿಯಿಲ್ಲ, ಸಾಬೂನಿಲ್ಲ. ಬಿಲ್ಲು ನೋಡಿದೆ, ಲೆಕ್ಕ ಸರಿಯಿತ್ತು. ಅದೇ ಟವೆಲು, ಅದೇ ಪೆಟ್ಟಿಗೆ, ಒಂದೂವರೆ ಕಿಲೋ ಹೆಚ್ಚು. ಸೋಫಾದಲ್ಲಿ ಬಿದ್ದುಕೊಂಡು ಫೋನು ನೋಡುತ್ತಿದ್ದ ನಮ್ಮ ಮಗಳು, ಆಗ ಒಂಬತ್ತನೇ ಕ್ಲಾಸು, ತಲೆ ಎತ್ತದೆಯೇ ಹೇಳಿದಳು: "ಮಮ್ಮಿ, ಇಟ್ಸ್ ಕಾಟನ್. ಇಟ್ಸ್ ಜಸ್ಟ್ ಹ್ಯುಮಿಡಿಟಿ."

ನಾನು ಟವೆಲುಗಳ ನಡುವೆ ಹಾಗೆಯೇ ನೆಲದ ಮೇಲೆ ಕುಳಿತುಬಿಟ್ಟೆ.

ಹತ್ತಿ ಗಾಳಿಯ ತೇವ ಕುಡಿಯುತ್ತದೆ, ಒಣಗಾಳಿಯಲ್ಲಿ ಬಿಟ್ಟುಕೊಡುತ್ತದೆ. ಇದು ನನಗೆ ಗೊತ್ತಿಲ್ಲದ್ದೇ? ಜವಳಿ ಡಿಪ್ಲೊಮಾ ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದೆ. ಮಿರ್ಕಾಬಿನಲ್ಲಿ ಅಂಗೈ ಅಗಲದ ಬಟ್ಟೆ ತೂಗುವ ಮೊದಲೂ ಅದನ್ನು ಗಾಳಿಯ ತೇವ ಹದದಲ್ಲಿಟ್ಟ ಕೋಣೆಯಲ್ಲಿ ಗಂಟೆಗಟ್ಟಲೆ ಇಟ್ಟು ಆಮೇಲೆ ತೂಗುತ್ತಿದ್ದೆ. ಗಿರಣಿಯವರೊಡನೆ ಜಗಳ ಬರಬಾರದಲ್ಲ. ಆದರೆ ಚಿಂದಿಯ ಬೇಲಿಗೆ ಅಷ್ಟು ಮರ್ಯಾದೆ ಯಾರು ಕೊಡುತ್ತಾರೆ? ಮಳೆಗಾಲದಲ್ಲಿ ಕಟ್ಟಿದ ಬೇಲು, ಎರಡು ತಿಂಗಳು ಕುವೈತಿನ ಒಣ ಬೇಸಿಗೆಯಲ್ಲಿ ಬಿದ್ದು ತೇವ ಬಿಟ್ಟುಕೊಟ್ಟಿತ್ತು. ಕಳವಾದ ಎರಡೆರಡು ಕಿಲೋ ಅಂದರೆ ಅದೇ. ಗಿರಣಿಯ ಮಾನಕ್ಕೆ ಇಟ್ಟುಕೊಂಡ ಎಚ್ಚರವನ್ನು ಗೋಡೌನಿನ ಮನುಷ್ಯನ ಮಾನಕ್ಕೆ ಇಟ್ಟುಕೊಳ್ಳಲಿಲ್ಲ. ಇದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆಗಲೇ ಅಬು ನಾಸರ್‌ಗೆ ನೇರವಾಗಿ ಫೋನು ಮಾಡಿದೆ. ಮ್ಯಾನೇಜರನ್ನು ದಾಟಿ ಮಾಡಿದ ಮೊದಲ ಫೋನು. "ಸರ್, ಬೇಲಿನ ರಿಪೋರ್ಟು ತಪ್ಪು. ತಪ್ಪು ನನ್ನದು. ನಾಳೆ ಗೋಡೌನಿಗೆ ಬನ್ನಿ, ತೋರಿಸುತ್ತೇನೆ."

"ಬೆಂಕಿಯಿಂದಲೇ?" ಎಂದು ಕೇಳಿದರು ಅವರು, ಗಾಬರಿಯಿಂದ.

"ಟವೆಲಿನಿಂದ," ಎಂದೆ.

ಗುರುವಾರ ಬೆಳಿಗ್ಗೆ ಪೆಟ್ಟಿಗೆ ಗೋಡೌನಿಗೆ ಹೋಯಿತು. ಎಲ್ಲರ ಎದುರು ಹೊಸ ತಕ್ಕಡಿಯ ಮೇಲೆ ಇಟ್ಟೆವು. ಮೂವತ್ತೊಂದು. ಅಷ್ಟು ಒಳಗೆ ಕೌಸ್ ಗಾಳಿ ಮುಟ್ಟಿರಲಿಲ್ಲ, ಹವೆ ಮೊದಲಿನಂತೆ ಒಣಗಿಯೇ ಇತ್ತು. ಟವೆಲುಗಳನ್ನೆಲ್ಲ ಬಿಡಿಸಿ, ಕಪಾಟುಗಳ ಮೇಲೆ ಹರಡಿ, ಎರಡು ದೊಡ್ಡ ಫ್ಯಾನು ಹಚ್ಚಿದೆ. ಸಂಜೆಯವರೆಗೆ ಕಾಯಬೇಕು ಎಂದೆ.

"ಅಷ್ಟರಲ್ಲಿ ಇವರು ಒಂದೆರಡು ಟವೆಲು ಎತ್ತಿದರೆ?" ಎಂದರು ಉಸ್ತಾದ್ ರಾಫತ್.

"ಹಾಗಾದರೆ ಕಾವಲು ನೀವೇ ಕೂತುಕೊಳ್ಳಿ," ಎಂದೆ.

ಕೂತರು. ಹಮೀದಾಕರನ್ನೂ ನನ್ನನ್ನೂ ಹೊರಗಿನ ಕೋಣೆಗೆ ಕಳಿಸಿ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು, ಟವೆಲುಗಳ ನಡುವೆ ಕುರ್ಚಿ ಹಾಕಿಕೊಂಡರು. ಊಟ ಅಲ್ಲಿಯೇ, ನಮಾಜು ಅಲ್ಲಿಯೇ. ಬಾತ್‌ರೂಮಿಗೂ ಹೋಗಲಿಲ್ಲವೆಂದು ಅವರ ನಡಿಗೆ ನೋಡಿದಾಗ ಆಮೇಲೆ ಗೊತ್ತಾಯಿತು.

ಸಂಜೆ ಅಬು ನಾಸರ್ ಮತ್ತೆ ಬಂದರು. ಉಸ್ತಾದರು ತಾವೇ ಟವೆಲು ಎಣಿಸಿದರು, ತಾವೇ ಪೆಟ್ಟಿಗೆ ತುಂಬಿದರು, ತಾವೇ ತಕ್ಕಡಿಯ ಮೇಲೆ ಇಟ್ಟರು. ಇಪ್ಪತ್ತೊಂಬತ್ತೂವರೆ.

ಅಬು ನಾಸರ್ ತಕ್ಕಡಿ ನೋಡಿದರು, ಟವೆಲು ನೋಡಿದರು, ಆಮೇಲೆ ಮ್ಯಾನೇಜರನ್ನು ನೋಡಿದರು. "ಯಾ ಉಸ್ತಾದ್, ಬೆಳಿಗ್ಗೆಯಿಂದ ಒಳಗೆ ಇದ್ದದ್ದು ನೀವೊಬ್ಬರೇ. ನನ್ನ ಒಂದೂವರೆ ಕಿಲೋ ಎಲ್ಲಿ?"

ಉಸ್ತಾದ್ ರಾಫತ್ ಎರಡೂ ಕೈಯಿಂದ ತಮ್ಮ ಜೇಬು ಮುಟ್ಟಿ ನೋಡಿಕೊಂಡರು. ಈ ಒಂದು ದೃಶ್ಯಕ್ಕಾಗಿ ನಾನು ಇನ್ನೊಂದು ಇಪ್ಪತ್ತಾರು ವರ್ಷ ದುಡಿಯಲು ತಯಾರಿದ್ದೆ.

ಆದರೂ ಅವರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬೇಕು. ಜೇಬು ಮುಟ್ಟಿಕೊಂಡ ಕೈಯನ್ನೇ ಎದೆಗೆ ಇಟ್ಟು, ಹಮೀದಾಕರ ಎದುರು ನಿಂತು, ಅರಬರು ಕ್ಷಮೆ ಕೇಳುವ ಹಾಗೆ ಅವರ ತಲೆಗೆ ಮುತ್ತಿಟ್ಟರು. ಆಮೇಲೆ ಓಡಿದರು, ಬಾತ್‌ರೂಮಿಗೆ. ಟಿಕೆಟು ರದ್ದಾಯಿತು. ಹಮೀದಾಕ ಮದುವೆಗೆ ನವೆಂಬರಿನಲ್ಲಿ ರಜೆ ಹಾಕಿ, ಕಂಪನಿಯ ಗೋಡೌನ್ ಮೇಸ್ತ್ರಿಯಾಗಿಯೇ ಹೋಗಿ, ಮದುವೆ ಮುಗಿಸಿ ಬಂದರು.

ಇನ್ನು ಉಳಿದದ್ದು ನನ್ನ ಪಾಲಿನ ಕೆಲಸ. ಆ ಸಂಜೆಯೇ ಹಳೆಯ ರಿಪೋರ್ಟನ್ನು ಹರಿದು ಹೊಸದು ಬರೆದೆ. ಹಮೀದಾಕ ಟವೆಲುಗಳನ್ನು ಮಡಚುತ್ತಿದ್ದರು.

"ಹಮೀದಾಕ, ನನ್ನದು ದೊಡ್ಡ ತಪ್ಪಾಯಿತು," ಎಂದೆ. "ಪಟ್ಟಿ ಕಟ್ ಆಗದ್ದು ನಾನು ನೋಡಿದ್ದೆ. ನೋಡಿಯೂ ಸಹಿ ಹಾಕಿದೆ. ನನಗೆ ನಾಲ್ಕು ಮಾತು ಬೈದುಬಿಡಿ."

ಅವರು ಮಡಚುವುದನ್ನು ನಿಲ್ಲಿಸಲಿಲ್ಲ. "ಬೈಲಿಕ್ಕೆ ಎಂತ ಉಂಟು ಬಾಯಮ್ಮ? ಆ ಉಸ್ತಾದ್ ನನ್ನನ್ನು ಕಳ್ಳ ಅಂತ ಹೇಳಿದಾಗ ನನಗೆ ಎಂತದೂ ಆಗ್ಲಿಲ್ಲ. ಅವನು ತಕ್ಕಡಿ ಬಂದ ಮೇಲೆ ಎಲ್ಲರನ್ನೂ ಹಾಗೆ ನೋಡ್ತಿದ್ದ. ಆದ್ರೆ ಕಾಗದದಲ್ಲಿ ನಿಮ್ಮ ಸಹಿ ಕಂಡಿತಲ್ಲ, ಆಗ ನನಗೇ ಡೌಟ್ ಬಂತು. ಬಾಯಮ್ಮ ಸಹಿ ಹಾಕಿದ್ರೆ ಸರಿಯೇ ಇರ್ತದೆ. ಹಾಗಾದ್ರೆ ನನಗೆ ತಿಳಿಯದ ಹಾಗೆ ನಾನೇ ಎಲ್ಲಿಯಾದ್ರೂ ತೆಗೆದೆನಾ ಅಂತ, ನನ್ನ ರೂಮಿನಲ್ಲಿ ಮಂಚದಡಿ ಎಲ್ಲ ಹುಡುಕಿದೆ."

ಹೊಸ ಕಾಗದದಲ್ಲಿ ಸಹಿಯ ಜಾಗ ಒಂದೇ ಇತ್ತು, ಅದು ನನ್ನದು. ಅದರ ಮೇಲೆ ಪೆನ್ನಿನಿಂದ ಇನ್ನೊಂದು ಗೆರೆ ಎಳೆದೆ.

"ಮೊದಲು ನೀವು ಹಾಕಿ," ಎಂದೆ. "ಆಮೇಲೆ ನಾನು."

"ನನಗೆ ಇಂಗ್ಲಿಷ್ ಬರುದಿಲ್ಲ ಅಲ್ವಾ?"

"ಕನ್ನಡದಲ್ಲೇ ಹಾಕಿ."

ಹಮೀದಾಕ ಕೈಯನ್ನು ಟವೆಲಿಗೆ ಒರೆಸಿಕೊಂಡರು. ಸ್ಲೇಟಿನ ಮೇಲೆ ಬರೆಯುವವರಂತೆ ನಿಧಾನವಾಗಿ, ದುಂಡಗೆ, ಹೆಸರು ಬರೆದರು. ನಾನು ಕೆಳಗೆ ಸಹಿ ಹಾಕಿದೆ. ಅಂದಿನಿಂದ ನಿವೃತ್ತಿಯ ದಿನದವರೆಗೂ ಗೋಡೌನಿನ ಒಂದು ಕಾಗದಕ್ಕೂ ಆ ಕನ್ನಡದ ಹೆಸರು ಮೇಲೆ ಕಾಣದೆ ನಾನು ಪೆನ್ನು ತೆರೆದಿಲ್ಲ.